ಒಂದೇ ತಾಯಿಯ ನೊಣಗಳು

ಕೊಳೆತ ಬಾಳೆಹಣ್ಣಿನ ವಾಸನೆ ಬಂದರೆ ಈಗ ನನ್ನ ಎದೆ ಹೊಡೆದುಕೊಳ್ಳುತ್ತದೆ. ಎಪ್ಪತ್ತು ದಾಟಿದ ಗಂಡಸು ಹಣ್ಣಿನ ನೊಣಕ್ಕೆ ಹೆದರುತ್ತಾನೆಂದರೆ ನೀವು ನಗಬಹುದು, ನಗಿರಿ. ಮೊಮ್ಮಗಳು ಗಂಗಾ ಕಾಲೇಜಿನ ಅಭ್ಯಾಸಕ್ಕೆಂದು ಕುಬಿಹಾಳದ ನಮ್ಮ ಹಿತ್ತಲಲ್ಲೂ ಸಂಶಿಯ ಹಣ್ಣಿನಂಗಡಿಯ ಪಕ್ಕದಲ್ಲೂ ಬಾಟಲಿ ಇಟ್ಟು ಆ ನೊಣ ಹಿಡಿಯುತ್ತಾಳೆ.

ಮೊದಲ ದಿನ ಭೂತಗನ್ನಡಿ ನನ್ನ ಕೈಗೆ ಕೊಟ್ಟಳು.

“ಅಜ್ಜಾ, ಈ ಎರಡೂ ಹೆಂಗ ಕಾಣತಾವು?”

“ಅಣ್ಣ ತಮ್ಮ ಇದ್ದಂಗ ಅದಾವು.”

“ಅಲ್ಲ, ಇವುಗಳ ಜಾತಿನ ಬ್ಯಾರೆ. ಈಗ ಈ ಇನ್ನೊಂದು ಜೋಡಿ ನೋಡು. ಒಂದರ ಹೊಟ್ಟಿ ಕಪ್ಪು, ಒಂದರದು ಹಳದಿ. ರೆಕ್ಕಿನೂ ಉದ್ದ ಗಿಡ್ಡ. ಖರೇ ಅಂದ್ರ ಇವೆರಡೂ ಒಂದ ತಾಯಿ ತತ್ತಿಯಿಂದ ಬಂದಾವು. ನಾನ ಬಾಟಲ್ಯಾಗ ಬೆಳಿಸೇನಿ.”

ಭೂತಗನ್ನಡಿ ತಿರುಗಿ ಅವಳ ಕೈಗೆ ಕೊಟ್ಟೆ. ವಯಸ್ಸಾಯಿತು, ಕಣ್ಣು ಹಿಡಿಯುವುದಿಲ್ಲ ಎಂದೆ. ಕಾರಣ ವಯಸ್ಸಲ್ಲ.

ನನ್ನ ಹಿರಿಯ ಮಗ, ಅಂದರೆ ಗಂಗಾಳ ಅಪ್ಪ, ಬೆಕ್ಕಿನ ಕಣ್ಣಿನವನು. ನಮ್ಮ ಕಡೆಯಾಗಲಿ, ಹೆಂಡತಿಯ ಕಡೆಯಾಗಲಿ ಅಂಥ ಕಣ್ಣನ್ನು ನಾನು ಕಂಡಿರಲಿಲ್ಲ. ಜೋಳ ಬಿತ್ತಿದರೆ ಜೋಳವೇ ಬರಬೇಕೆಂದು ತಿಳಿದಿದ್ದ ಮ್ಯಾಟ್ರಿಕ್ ಪಂಡಿತ ನಾನು. ನಮ್ಮಲ್ಲಿ ತೀರಿಕೊಂಡ ಅಜ್ಜನ ಹೆಸರು ಹಿರೇ ಮೊಮ್ಮಗನಿಗೆ. ತೊಟ್ಟಿಲಿಗೆ ಹಾಕುವ ದಿನ ನನ್ನ ಅಕ್ಕ ಆ ಹೆಸರು ಹೇಳಲು ಕೂಸಿನ ಕಿವಿಗೆ ಬಾಗಿದ್ದಳು. ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಲು ಹೆಂಗಸರು ನಗುತ್ತ ಕೈಯೆತ್ತಿದ್ದರು.

“ಅಪ್ಪನ ಹೆಸರು ಬ್ಯಾಡ. ಬ್ಯಾರೆ ಯಾವುದರ ಇಡು” ಎಂದೆ.

ಎತ್ತಿದ ಕೈಗಳು ಅಲ್ಲೇ ನಿಂತವು. ಮುಂದೆ ನನ್ನನ್ನೇ ಹೋಲುವ ಎರಡನೆಯವನು ಹುಟ್ಟಿದಾಗ ಅಪ್ಪನ ಹೆಸರು ಅವನಿಗಿಟ್ಟೆ. ಹೆಂಡತಿ ಒಂದು ಮಾತೂ ಕೇಳಲಿಲ್ಲ. ಅವಳು ಕೇಳುವ ದಿನಕ್ಕೆ ಹೆದರುತ್ತಲೇ ಮುದುಕನಾದೆ.

ಕೇಳಿದವಳು ಗಂಗಾ, ಇವತ್ತು ಸಂಜೆ. ಹೆಂಡತಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಅಜ್ಜಾ, ಹಿರೇ ಮಗ ನಮ್ಮಪ್ಪ. ಮತ್ತ ಮುತ್ತಜ್ಜನ ಹೆಸರು ಕಾಕಾಗ ಯಾಕ ಹೋತು?”

ಮೊರದ ಸದ್ದು ನಿಂತಿತು. ಹೆಂಡತಿ ತಲೆಯೆತ್ತದೆ ಹೇಳಿದಳು: “ನಿನ್ನ ನೊಣದಾಗ ಮರಿ ಹೊಟ್ಟಿ ಬಣ್ಣ ಬ್ಯಾರೆ ಆದ್ರ, ಅದರ ಅವ್ವನ್ನ ಯಾರರ ಹಳಿತಾರೇನವಾ?”

“ನಿಮ್ಮಪ್ಪನ ಕಣ್ಣು ನೋಡಿ ನಾ ಹೆದರಿದ್ದೆ” ಎಂದೆ.

“ಹೆದರಲಿಲ್ಲ. ಅನುಮಾನ ಪಟ್ರಿ. ನೆಟ್ಟಗ ಹೇಳ್ರಿ.” ಹೆಂಡತಿ ನನ್ನತ್ತ ತಿರುಗಿದಳು.

ಹೇಳಿದೆ. ತೊಟ್ಟಿಲಿನಿಂದ ಹಿಡಿದು ಎಲ್ಲವನ್ನೂ. ಗಂಗಾ ಬಾಟಲಿಗೆ ಅರಳೆ ತುರುಕುತ್ತ ಕುಳಿತಳು. ನನ್ನ ಮುಖ ನೋಡಲಿಲ್ಲ.

ಅಂಗಳದಲ್ಲಿ ಹಿರಿಯ ಮಗನ ಬೈಕು ನಿಂತಿತು.

“ಅವಗೂ ಹೇಳ್ರಿ” ಎಂದಳು ಹೆಂಡತಿ. ಮೊರ ಮತ್ತೆ ಸದ್ದು ಮಾಡತೊಡಗಿತು.

ಬಾಳೆಹಣ್ಣಿನ ವಾಸನೆಯ ನಡುವೆ ಎದ್ದು ಬಾಗಿಲಿಗೆ ಹೋದೆ. “ಏನಾತಪ್ಪಾ?” ಎಂದು ಮಗ ಹೊಸ್ತಿಲಲ್ಲೇ ನಿಂತ. ಅವನೊಡನೆ ಮಾತಾಡುವಾಗ ಈವರೆಗೆ ಅಂಗಿಯ ಗುಂಡಿಯನ್ನೋ ಹೆಗಲನ್ನೋ ನೋಡುತ್ತಿದ್ದವನು, ಇವತ್ತು ಕಣ್ಣು ನೋಡಿದೆ.