ಅತ್ತೆಯ ಕೋಣೆಗೊಂದು ವಿಂಡೋ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎಲ್ಲರಿಗೂ ಅವನು ಕಿಟಕಿ ಬಡಗಿ. ಬಾಗಿಲು, ಮಂಚ, ಕಪಾಟು ಎಲ್ಲವನ್ನೂ ಮಾಡುತ್ತಿದ್ದ, ಆದರೆ ಅವನ ಜೀವ ಇದ್ದದ್ದು ಕಿಟಕಿಯಲ್ಲಿ. ದಾರಿಯಲ್ಲಿ ಹೋಗುವಾಗ ಕಂಡವರ ಕಿಟಕಿಯನ್ನು ದಿಟ್ಟಿಸುತ್ತ ನಿಂತು, ಒಳಗಿದ್ದ ಹೆಂಗಸರಿಂದ ಬೈಸಿಕೊಂಡದ್ದೂ ಉಂಟು. ಚೌಕಟ್ಟಿನ ಮೂಲೆ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುತ್ತಿದ್ದೆ ಎಂದರೆ ಯಾರು ನಂಬುತ್ತಾರೆ?

ಇಂಥವನ ಸ್ವಂತ ಮನೆಯ ಹಿಂದಿನ ಕೋಣೆಗೆ ಕಿಟಕಿಯೇ ಇರಲಿಲ್ಲ. ಹಲಗೆ ಪೇರಿಸುವ ಕೋಣೆಗೆ ಅದೆಲ್ಲ ಯಾಕೆ ಎಂದು ಸುಮ್ಮನಿದ್ದ. ಅತ್ತೆ, ಅಂದರೆ ಹೆಂಡತಿಯ ತಾಯಿ, ಬಂದು ಆ ಕೋಣೆಯಲ್ಲಿ ಮಲಗಿದ ಮೇಲೆ ಸುಮ್ಮನಿರುವುದು ಆಗಲಿಲ್ಲ.

ಅತ್ತೆ ಜೀವಮಾನವೆಲ್ಲ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು. ಯಾವ ಶಬ್ದ ಕೈಗೆ ಸಿಕ್ಕರೂ ಅದರ ಮುತ್ತಜ್ಜನವರೆಗೆ ಜಾಲಾಡದೆ ಬಿಡುತ್ತಿರಲಿಲ್ಲ. ಈಗ ಎರಡೂ ಕಣ್ಣು ಪೂರ್ತಿ ಹೋಗಿದ್ದವು, ಒಬ್ಬರೇ ಇರುವ ಹಾಗಿರಲಿಲ್ಲ. ಕಿರಿಯ ಮಗಳು ಹೊಸದಾಗಿ ಕೊಂಡ ಮನೆಯ ಕೆಲಸ ಮುಗಿಸಿಕೊಂಡು ಬಂದು ಕರೆದುಕೊಂಡು ಹೋಗುವವರೆಗೆ ಹಿರಿಯ ಮಗಳ ಈ ಮನೆಯಲ್ಲಿರಲಿ ಎಂದು ಮಾತಾಗಿತ್ತು.

ಬಡಗಿಗೆ ಮಾತ್ರ ಅವರು ಇಲ್ಲೇ ಉಳಿಯಲಿ ಎಂಬ ಆಸೆ. ಅಮ್ಮ ಬಂದಾಗಿನಿಂದ ಹೆಂಡತಿಯ ಮುಖ ಅರಳಿತ್ತು. ಅದಕ್ಕಿಂತ ಹೆಚ್ಚಾಗಿ, ಹೆತ್ತ ತಾಯಿಯ ಮುಖವೇ ನೆನಪಿಲ್ಲದ ಈ ಮನುಷ್ಯನಿಗೆ ಮನೆಯಲ್ಲಿ ಹಿರಿಯ ಜೀವವೊಂದರ ಕೆಮ್ಮು, ಗೊಣಗಾಟ ಕೇಳಿಸುವುದೇ ಹಿತವಾಗಿತ್ತು. ಆದರೆ 'ಇಲ್ಲೇ ಇರಿ ಅತ್ತೆ' ಎನ್ನಲು ನಾಲಿಗೆ ಏಳಲಿಲ್ಲ. ಅತ್ತೆ ಅವನೊಡನೆ ಜಗಳವಾಡಿದವರಲ್ಲ, ಸಲಿಗೆಯಿಂದ ಮಾತಾಡಿದವರೂ ಅಲ್ಲ. ಬಾಯಿಂದ ಆಗದ್ದು ಕೈಯಿಂದಾದರೂ ಆಗಲಿ ಎಂದು ಗೋಡೆ ಒಡೆದ.

ಅಂಥ ಕಿಟಕಿಯನ್ನು ಅವನು ಯಾವ ಶ್ರೀಮಂತನಿಗೂ ಮಾಡಿಕೊಟ್ಟಿರಲಿಲ್ಲ. ವರ್ಷಗಟ್ಟಲೆ ಒಣಗಿಸಿ ಇಟ್ಟುಕೊಂಡಿದ್ದ ತೇಗದ ಚೌಕಟ್ಟು, ಮೂಲೆಗಳಿಗೆ ಒಂದು ಮೊಳೆಯೂ ಇಲ್ಲ. ನಡುವೆ ಗೋಡೆಯಷ್ಟೇ ಭದ್ರವಾಗಿ ಕೂರಿಸಿದ ಒಂದೇ ದೊಡ್ಡ ಗಾಜು. ಹೊರಗೆ ಅಂಗಳದಲ್ಲಿ ಅವನ ಗರಗಸದ ಮೆಷಿನ್ ಇತ್ತಲ್ಲ, ಮರದ ಪುಡಿ ಒಳಗೆ ಬರಬಾರದು. ಆಚೆಗೆ ಪಕ್ಕದ ಮನೆಯ ಹೂವಿನ ಬಳ್ಳಿ ಚೆನ್ನಾಗಿ ಕಾಣುತ್ತಿತ್ತು.

ಕೈ ಹಿಡಿದು ಕಿಟಕಿಯ ಬಳಿಗೆ ಕರೆತಂದ. ಅತ್ತೆ ಚೌಕಟ್ಟನ್ನು ನಿಧಾನವಾಗಿ ಸವರಿದರು, ಮೂಲೆಯಲ್ಲಿ ಉಗುರಿನಿಂದ ಕೆರೆದು ಮೆಚ್ಚಿ ತಲೆಯಾಡಿಸಿದರು. ಆಮೇಲೆ ಬೆರಳು ಏನನ್ನೋ ಹುಡುಕತೊಡಗಿತು.

"ಚಿಲಕ ಎಲ್ಲಿದೆ?"

"ಇದು ತೆಗೆಯೋದಲ್ಲ ಅತ್ತೆ. ಧೂಳು ಬರುತ್ತೆ ಅಂತ... ನೋಡೋಕೆ ಅಷ್ಟೇ."

ಹೇಳುತ್ತ ಹೇಳುತ್ತಲೇ ಬಡಗಿಯ ಬೆವರಿಳಿಯಿತು. ಊರಿಗೆಲ್ಲ ಕಿಟಕಿ ಮಾಡಿದ ಮಹಾಶಯ, ಕಣ್ಣು ಕಾಣದ ಮುದುಕಿಗೆ ನೋಡುವುದಕ್ಕೊಂದು ಗಾಜು ಕೂರಿಸಿದ್ದ! ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು. ಅವನು ಅತ್ತೆಯ ಕಾಲ ಬಳಿ ಕುಸಿದು ಕೂತ.

"ತಪ್ಪಾಯ್ತು. ನನ್ನ ತಲೇಲಿ ಹೊಟ್ಟು ತುಂಬಿದೆ."

"ಅದಿರಲಿ. ವಿಂಡೋ ಅನ್ನೋ ಮಾತು ಎಲ್ಲಿಂದ ಬಂತು, ಗೊತ್ತಾ ನಿಮಗೆ?"

"ಟಿಕೆಟ್ ಕೊಡೋ ವಿಂಡೋ ಗೊತ್ತು. ವಿಂಡೋ ಸೀಟಿಗೆ ಜಗಳ ಆಡೋದು ಗೊತ್ತು. ಕಂಪ್ಯೂಟರಲ್ಲೂ ಏನೋ ವಿಂಡೋ ಅಂತಾರೆ."

"ಅವೆಲ್ಲ ಮೊಮ್ಮಕ್ಕಳು. ಅಜ್ಜಿ ಕಥೆ ಕೇಳಿ." ಅತ್ತೆಯ ದನಿಗೆ ತರಗತಿಯ ಗತ್ತು ಬಂತು. "ಇಂಗ್ಲಿಷಿನವರ ಹತ್ರ ಮೊದಲು ಅವರದೇ ಒಂದು ಮಾತಿತ್ತು, ಕಣ್ಣಿನ ತೂತು ಅಂತ ಅರ್ಥ. ನೋಡೋಕೆ ಇರೋ ತೂತು. ಆಮೇಲೆ ಉತ್ತರದಿಂದ ಸಮುದ್ರ ದಾಟಿ ಬಂದ ಜನ ತಮ್ಮ ಮಾತು ತಂದರು. ವಿಂಡ್ ಅಂದ್ರೆ ಗಾಳಿ. ಕೊನೇಲಿ ಓ ಅಂತ ಉಳಿದಿದೆಯಲ್ಲ, ಅದು ಅವರ ಭಾಷೇಲಿ ಕಣ್ಣು. ಒಟ್ಟಲ್ಲಿ ಗಾಳಿಯ ಕಣ್ಣು. ಆಗ ಗಾಜೆಲ್ಲಿತ್ತು ಪಾಪ, ಗೋಡೇಲೋ ಸೂರಲ್ಲೋ ಒಂದು ಕಂಡಿ ಅಷ್ಟೇ. ಬರ್ತಾ ಬರ್ತಾ ಆ ಹಳೇ ಮಾತು ಸತ್ತೇಹೋಯ್ತು, ಇದೊಂದು ಉಳೀತು."

"ನಮ್ಮಲ್ಲಿ ಗವಾಕ್ಷಿ ಅಂತಾರಲ್ಲ?"

"ಅದು ಹಸುವಿನ ಕಣ್ಣು."

"ಅಯ್ಯೋ, ಎಲ್ಲಿ ನೋಡಿದ್ರೂ ಕಣ್ಣೇ!" ಎಂದವನು ನಾಲಿಗೆ ಕಚ್ಚಿಕೊಂಡ.

ಅತ್ತೆ ಗೊಳ್ಳೆಂದು ನಕ್ಕರು. "ನಾಲಿಗೆ ಕಚ್ಕೋಬೇಡಿ, ಅದೊಂದಾದ್ರೂ ನೆಟ್ಟಗಿರಲಿ. ಹೇಗೂ ಭಾನುವಾರ ಹೊರಡೋಳು ನಾನು. ಇಷ್ಟು ಮಾಡಿದ್ರಲ್ಲ, ಅದೇ ಹೆಚ್ಚು."

'ಅದೇ ಹೆಚ್ಚು' ಎಂಬ ಮಾತು ಅವನ ಎದೆಗೆ ನಾಟಿತು. ಮರುದಿನವೇ ಗಾಜು ಕಿತ್ತ. ಎರಡು ಹಗುರ ಕದ ಮಾಡಿ, ಬೆರಳಿಗೆ ತಾನಾಗಿ ಸಿಗುವ ಕಡೆ ಚಿಲಕ ಇಟ್ಟ. ಮರದ ಪುಡಿಯ ಗತಿ ಏನು? ಗರಗಸದ ಮೆಷಿನ್ನನ್ನೇ ಕಿತ್ತು ಬೀದಿ ಕಡೆಯ ಶೆಡ್ಡಿಗೆ ಸಾಗಿಸಿದ. ಅಂಗಳದ ತಂಪು ನೆರಳೆಲ್ಲಿ, ಆ ತಗಡಿನ ಕೆಳಗಿನ ಬಿಸಿಲೆಲ್ಲಿ! ಎದುರು ಮನೆಯ ದರ್ಜಿ ಸದ್ದಿಗೆ ಕೂಗಾಡಿದ. ಬಡಗಿ ಬೈಸಿಕೊಂಡೇ ಮರ ಕೊಯ್ದ. ಅಂಗಳದಲ್ಲಿ ಉಳಿದದ್ದು ಕೀಸುವಂಥ ಸಣ್ಣ ಕೈಗೆಲಸ ಮಾತ್ರ.

ಅತ್ತೆ ಕದ ತೆರೆದು ಕೂತದ್ದು ಕೂತದ್ದೇ. ಪಕ್ಕದ ಮನೆಯಲ್ಲಿ ಬಟ್ಟೆ ಒಣಗಿದ್ದು, ಯಾರದೋ ಹಾಲು ಉಕ್ಕಿದ್ದು, ಮೋಡ ಕವಿದದ್ದು ಎಲ್ಲ ಮನೆಯವರಿಗಿಂತ ಮೊದಲು ಅವರಿಗೇ ಗೊತ್ತಾಗುತ್ತಿತ್ತು. ಬಳ್ಳಿಯಾಚೆಯ ಗಂಡಹೆಂಡಿರ ಜಗಳದಲ್ಲಿ ತಪ್ಪು ಯಾರದೆಂದು ತೀರ್ಪು ಕೊಡುವುದಕ್ಕೂ ಶುರುಮಾಡಿದ್ದರು. ಆದರೆ ಉಳಿಯುವ ಮಾತು ಮಾತ್ರ ಆಡಲಿಲ್ಲ.

ಭಾನುವಾರ ಕಿರಿಯ ಮಗಳು ಕಾರು ತಂದಳು. ಬಡಗಿ ಮುಖ ತಪ್ಪಿಸಿಕೊಂಡು ಅಂಗಳದಲ್ಲಿ ಹಲಗೆ ಕೀಸುತ್ತ ನಿಂತ. ಬೇಸರ ಎಷ್ಟಿತ್ತೆಂದರೆ, ನುಣುಪಾದ ಹಲಗೆಯನ್ನೇ ಮತ್ತೆ ಮತ್ತೆ ಕೀಸುತ್ತಿದ್ದ. ತೆರೆದ ಕಿಟಕಿಯಿಂದ ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು.

"ಅಮ್ಮಾ, ಬ್ಯಾಗ್ ಎಲ್ಲಿ? ಅಲ್ಲಿ ನಿಂಗೆ ಎಸಿ ರೂಮ್ ಮಾಡ್ಸಿದೀನಿ. ಬೇಗ ಹೊರಡೋಣ."

ಬಡಗಿಯ ಕೈ ನಿಂತಿತು.

"ಬ್ಯಾಗ್ ಹಾಗಿರ್ಲಿ, ನಾನೆಲ್ಲಿಗೂ ಬರಲ್ಲ. ನೀನು ಕೂತ್ಕೋ," ಎಂದರು ಅತ್ತೆ. "ನಮ್ಮನೇಗೆ ಬಂದು ಊಟ ಮಾಡದೆ ಹೋಗ್ತೀಯೇನೇ?"

ಅಷ್ಟರಲ್ಲಿ ಕಿಟಕಿಯಿಂದ ಮತ್ತೆ ಅದೇ ದನಿ, ಈ ಸಲ ಅವನ ಕಡೆಗೆ.

"ಲೋ, ಕೈ ನಿಲ್ಲಿಸಿ ಕದ್ದು ಕೇಳ್ತಿದೀಯ ಅಂತ ನನಗೆ ಗೊತ್ತು. ಒಳಗೆ ಬಾ, ನಿನ್ನ ನಾದಿನಿ ಹಸ್ಕೊಂಡು ಬಂದಿದಾಳೆ, ತಟ್ಟೆ ಹಾಕು."

ಮೈಮೇಲಿನ ಮರದ ಪುಡಿಯನ್ನೂ ಕೊಡವಿಕೊಳ್ಳದೆ ಬಡಗಿ ಒಳಗೆ ಓಡಿದ.