ಐದನೇ ವರ್ಷದ ನಡಿಗೆ

ನನ್ನ ಹೆಂಡತಿ ನನಗೆ ಫೋನು ಮಾಡುತ್ತಿದ್ದುದು ವರ್ಷದಲ್ಲಿ ಒಂದು ವಾರ ಮಾತ್ರ. ಮಿಕ್ಕ ದಿನಗಳಲ್ಲಿ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಹೊಗೆಸೊಪ್ಪಿನ ಹೊಲದಲ್ಲಿ ಇಬ್ಬರೂ ಜೊತೆಗಿರುತ್ತಿದ್ದೆವು, ಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಬೆಂಕಿ ಹಾಕುವಾಗಲೂ ಜೊತೆಗಿರುತ್ತಿದ್ದೆವು. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವಾಗ ಮಾತ್ರ ಬೇರೆಯಾಗುತ್ತಿದ್ದೆವು. ನಾವು ಗಂಡಸರು ಮುಂದೆ ಹೋಗಿ ನೀರು, ನೆರಳು, ಒಲೆ ಹೂಡುವ ಜಾಗ ನೋಡುತ್ತಿದ್ದೆವು. ಹೆಂಗಸರು ನಿಧಾನವಾಗಿ ಹಿಂದಿನಿಂದ ಬರುತ್ತಿದ್ದರು.

"ಎಲ್ಲಿದೀರಾ?"

"ಹ್ಯಾಂಡ್‌ಪೋಸ್ಟ್ ದಾಟಿದೆ. ನೀನು?"

"ಬತ್ತಾ ಇವ್ನಿ. ಚೆನ್ನಾಗಿವ್ನಿ, ನೀವು ನಡೀರಿ."

ಇಷ್ಟೇ ಮಾತು. ಅದಕ್ಕಿಂತ ಹೆಚ್ಚು ಮಾತಾಡಿದರೆ ಚಾರ್ಜು ಹೋಗುತ್ತದೆ ಎಂದು ಅವಳಿಗೆ ಭಯ. ಅವಳ ನಂಬರನ್ನು ನಾನು 'ಮನೆ' ಎಂದು ಸೇವ್ ಮಾಡಿಕೊಂಡಿದ್ದೆ.

ನಡಿಗೆ ಅವಳ ಹರಕೆ. ಒಂದು ವರ್ಷ ಹೊಲದಲ್ಲಿ ನನಗೆ ಹಾವು ಕಚ್ಚಿತ್ತು. ಆಸ್ಪತ್ರೆಯವರು ಏನೂ ಹೇಳಲಾಗದು ಎಂದಿದ್ದರಂತೆ. ನಾನು ಉಳಿದರೆ ಐದು ಶಿವರಾತ್ರಿ ಬರಿಗಾಲಲ್ಲಿ ಬೆಟ್ಟಕ್ಕೆ ಬರುತ್ತೇನೆ, ದಾರಿಯಲ್ಲಿ ಗಾಡಿ ಹತ್ತುವುದಿಲ್ಲ ಎಂದು ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹೇಳಿಕೊಂಡಳು. ನಾನು ಉಳಿದೆ. ಅವಳು ನಾಲ್ಕು ವರ್ಷ ನಡೆದಳು. ಹೋದ ಕಾರ್ತೀಕದಲ್ಲಿ ಜ್ವರ ಎಂದು ಮಲಗಿದವಳು ಏಳಲಿಲ್ಲ.

ಆಗ ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ತಿಥಿ ಮುಗಿದ ಮೇಲೆ ಸೊಪ್ಪು ವಿಂಗಡಿಸಿದೆ, ಬೇಲು ಕಟ್ಟಿದೆ, ಹರಾಜಿಗೆ ಒಯ್ದೆ. ಒಳ್ಳೆಯ ಬೆಲೆ ಬಂತು ಎಂದು ಪಕ್ಕದವರು ಹೇಳಿದರು.

ಶಿವರಾತ್ರಿ ಹತ್ತಿರ ಬಂದಾಗ ಅವ್ವನಿಗೆ ನಿದ್ದೆ ಹತ್ತದಾಯಿತು. ಸಾವಾದ ಮನೆಯವರು ವರ್ಷ ತುಂಬುವವರೆಗೆ ಬೆಟ್ಟ ಹತ್ತುವಂತಿಲ್ಲ. ಹಾಗಾಗಿ ನಾನು ಹೋಗುವಂತಿರಲಿಲ್ಲ.

"ನಿನ್ನ ಜೀವಕ್ಕೆ ಕಟ್ಕೊಂಡ ಹರಕೆ ಕಣ್ಲಾ ಅದು. ಅರ್ಧಕ್ಕೆ ನಿಂತ್ರೆ ಯಾರ ಮೇಲೆ ಬೀಳ್ತದೆ ಹೇಳು?"

ನನ್ನ ಮೇಲೆ ಬೀಳುತ್ತದೆ ಎಂದು ಅವ್ವನ ಹೆದರಿಕೆ. ನನಗೆ ಹೆದರಿಕೆ ಆಗಲಿಲ್ಲ. ಧೈರ್ಯದಿಂದಲ್ಲ, ದುಃಖವೂ ಸೇರಿ ಯಾವುದೂ ಆಗುತ್ತಿರಲಿಲ್ಲ.

ಆಗ ಕೆ.ಆರ್. ನಗರದ ಕಡೆಯಿಂದ ಹೆಂಡತಿಯ ತಂಗಿ ಬಂದಳು. ಬೇರೆ ಮನೆಗೆ ಕೊಟ್ಟ ಹೆಣ್ಣು, ಅವಳ ಸೂತಕ ತಿಥಿಗೇ ಕಳೆದಿತ್ತು. ಅಕ್ಕನ ಐದನೇ ವರ್ಷವನ್ನು ತಾನು ನಡೆಯುತ್ತೇನೆ ಎಂದಳು. ಅವ್ವ ಅವಳನ್ನು ಕೆಳಗಿಂದ ಮೇಲೆ ನೋಡಿತು.

"ನೀನಾ? ಗದ್ದೆಗೆ ಬುತ್ತಿ ಒಯ್ಯಕ್ಕೂ ಸ್ಕೂಟ್ರು ಹತ್ತೋಳು ನೀನು!"

"ಸ್ಕೂಟ್ರಿಗೆ ಹರಕೆ ಇಲ್ಲ ಬುಡಿ ಅತ್ತೆ, ಅದು ಮನೇಲೇ ಇರ್ಲಿ."

ಕಾರ್ತೀಕದಿಂದೀಚೆಗೆ ಅವ್ವ ನಕ್ಕಿದ್ದು ಅದೇ ಮೊದಲು. ನಾದಿನಿಯ ದೊಡ್ಡ ಫೋನು ಅರ್ಧ ದಿನಕ್ಕೆ ಸತ್ತುಹೋಗುತ್ತಿತ್ತು. ಅಕ್ಕನ ಬಟನ್ ಫೋನಿನಲ್ಲಿ ಚಾರ್ಜು ನಿಲ್ಲುತ್ತದೆ, ಅದನ್ನೇ ಒಯ್ಯಿ ಎಂದು ಕೊಟ್ಟೆ. ಅವಳು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಮ್ಮ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಬ್ಯಾರನ್ನಿನ ಮುಂದಿನ ಕಲ್ಲಿನ ಮೇಲೆ ಕೂತರೆ ಬರುತ್ತದೆ. ಅವಳು ನಮ್ಮೂರಿನ ತಂಡದ ಜೊತೆ ಹೊರಟ ದಿನ ನಾನು ಅಲ್ಲಿ ಹೋಗಿ ಕೂತೆ. ಪಕ್ಕದ ಗುರುಪುರ ದಾಟುವ ಮೊದಲೇ ಫೋನು ಬಂತು. ಪರದೆಯ ಮೇಲೆ 'ಮನೆ' ಎಂದಿತ್ತು. ನಾನು ಮನೆಯ ಮುಂದೆಯೇ ಇದ್ದೆ. ಎರಡು ಸಲ ರಿಂಗಾದ ಮೇಲೆ ಎತ್ತಿದೆ.

"ಬಾವ, ಟಿಬೇಟಿಯನ್ನರ ಅಂಗ್ಡಿ ಬಂತು. ಇನ್ನೆಷ್ಟ್ ದೂರ ಬೆಟ್ಟ?"

"ಈಗ ತಾನೆ ಹೊರಟಿದೀಯ ಕಣಮ್ಮಿ."

"ಕೇಳಿದ್ರಲ್ಲಿ ತಪ್ಪೇನು? ಅಕ್ಕನೂ ಕೇಳ್ತಿರ್ಲಿಲ್ವಾ?"

ಕೇಳುತ್ತಿರಲಿಲ್ಲ. ಆದರೆ ಅದನ್ನು ಹೇಳಲಿಲ್ಲ. ಡಾಂಬರು ಬಿಟ್ಟು ಪಕ್ಕದ ಮಣ್ಣಿನಲ್ಲಿ ನಡೆ, ಬಿಸಿಲು ಏರುವ ಮುಂಚೆ ನೆರಳು ಹಿಡಿ, ಸಂಜೆ ಕಾಲಿಗೆ ಹರಳೆಣ್ಣೆ ಹಚ್ಚು ಎಂದೆಲ್ಲ ಹೇಳಿದೆ. ಮುಂದೆ ಯಾವ ತಿರುವಿನಲ್ಲಿ ಹುಣಸೆಮರ ಇದೆ, ಯಾವ ಟೀ ಅಂಗಡಿಯವನು ಬೇಸರಿಸದೆ ಫೋನು ಚಾರ್ಜಿಗೆ ಹಾಕಿಕೊಡುತ್ತಾನೆ ಎಂಬುದೂ ನನಗೆ ಗೊತ್ತಿತ್ತು. ಅವಳು ದಾರಿಯಲ್ಲಿ ಕಂಡದ್ದನ್ನೆಲ್ಲ ವರದಿ ಒಪ್ಪಿಸುತ್ತಿದ್ದಳು. ಕಲ್ಲಂಗಡಿ ರಾಶಿ, ಕೆಟ್ಟು ನಿಂತ ಲಾರಿ, ತನ್ನನ್ನು ಹಿಂದೆ ಹಾಕಿ ಹೋದ ಮುದುಕಿಯರು. ನಾನು ಹ್ಞೂಂ ಎನ್ನುತ್ತಿದ್ದೆ. ಫೋನು ಇಟ್ಟ ಮೇಲೆ ಕಲ್ಲಿನ ಮೇಲೇ ಇರುತ್ತಿದ್ದೆ. ಅವ್ವ ಅಲ್ಲಿಗೇ ಕಾಫಿ ತಂದು ಇಟ್ಟು ಹೋಗುತ್ತಿತ್ತು.

ಹ್ಯಾಂಡ್‌ಪೋಸ್ಟ್ ಆದಮೇಲೆ ಫೋನುಗಳು ಕಡಿಮೆಯಾದವು. ಆಮೇಲೆ ಹಂಪಾಪುರದಿಂದ ಬಂತು. ಮೊದಲು ಅವಳ ಏದುಸಿರು ಕೇಳಿಸಿತು.

"ಏನಾಯ್ತು?"

"ಕಾಲು ಊರಕ್ಕಾಗ್ತಿಲ್ಲ ಬಾವ. ಬೊಬ್ಬೆ ಎಲ್ಲಾ ಒಡೆದೋಗವೆ."

ತಂಡದ ಸಾಮಾನು ಹೊತ್ತ ಟೆಂಪೋ ಅಲ್ಲೇ ನಿಲ್ಲುತ್ತದೆ. ಹಿಂದೆ ಪಾತ್ರೆಗಳ ಜೊತೆ ಜಾಗ ಇರುತ್ತದೆ ಎಂದು ನನಗೆ ಗೊತ್ತು.

"ಟೆಂಪೋ ಹತ್ತು," ಎಂದೆ.

"ಹತ್ತಿದ್ರೆ ಹರಕೆ?"

"ಹೋದ್ರೆ ಹೋಯ್ತು ಬುಡು."

"ಹೋದ್ರೆ ಹೋಯ್ತಾ? ನಿಮಗೇನಾರ ಆದ್ರೆ? ಅಕ್ಕ ನನ್ನ ಸುಮ್ಕೆ ಬುಟ್ಟಾಳಾ?"

"ನಂಗೇನೂ ಆಗಲ್ಲ. ಆದ್ರೂ ಆಗ್ಲಿ."

ಅದು ನನ್ನ ಬಾಯಿಂದ ಅಷ್ಟು ಸುಲಭವಾಗಿ ಬಂದದ್ದು ಕೇಳಿ ನನಗೇ ವಿಚಿತ್ರ ಎನಿಸಿತು. ಆ ಕಡೆ ಅವಳು ಗಟ್ಟಿಯಾಗಿ ಅತ್ತಳು. ಯಾರೋ ಫೋನು ಕಿತ್ತುಕೊಂಡ ಸದ್ದಾಯಿತು. ನಮ್ಮೂರಿನ ದೊಡ್ಡವ್ವ. ಎಷ್ಟೋ ವರ್ಷಗಳಿಂದ ಹೆಂಗಸರ ಗುಂಪನ್ನು ನಡೆಸಿಕೊಂಡು ಹೋಗುವವಳು ಅವಳೇ.

"ಏನ್ ಮಾತ್ಲಾ ಅದು? ಆ ಮಗಾ ನಿಂಗೋಸ್ಕರ ಕಾಲ್ ಸವೆಸ್ತಾ ಅದೆ, ನೀನು ಆಗ್ಲಿ ಅಂತೀಯಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ನಿನ್ನ ಹೆಂಡ್ರು ಮೊದಲ್ನೇ ವರ್ಷ ಇದೇ ಹಂಪಾಪುರದಲ್ಲಿ ಕೂತ್ಕಂಡು ಹಿಂಗೇ ಅತ್ತಿದ್ಲು ಕಣಪ್ಪಾ. ಕಾಲ್ಗೆ ಬಟ್ಟೆ ಸುತ್ತಿ ನಾನೇ ಎಬ್ಸಿದ್ದು. ನಿಂಗೆ ಹೇಳಬ್ಯಾಡಿ ಅಂದಿದ್ಲು, ಹೇಳ್ಲಿಲ್ಲ."

ಆ ವರ್ಷ ನಾನು ಮುಂದೆ, ಹುಲ್ಲಹಳ್ಳಿ ರಸ್ತೆಯಲ್ಲಿದ್ದೆ. ಹೆಂಡತಿ ಫೋನಿನಲ್ಲಿ ಚೆನ್ನಾಗಿವ್ನಿ ಎಂದಿದ್ದಳು. ಅವಳ ದನಿಯಲ್ಲಿ ಏನಾದರೂ ಇತ್ತೇ ಎಂದು ನೆನಪಿಸಿಕೊಳ್ಳಲು ನೋಡಿದೆ. ದನಿ ನೆನಪಾಗಲಿಲ್ಲ. ಲಾರಿ ಹೋದ ಸದ್ದು ನೆನಪಾಯಿತು.

"ಇವಳನ್ನ ಹೆಂಗಾರ ಎಬ್ಬಿಸಕ್ಕಾಗುತ್ತಾ?" ಎಂದು ಕೇಳಿದೆ.

"ಇವಳ ಕಾಲು ಬ್ಯಾರೆ. ಎರಡು ದಿನ ಮಲಗ್ಬೇಕು. ನಾವು ನಿಂತ್ರೆ ಶಿವರಾತ್ರಿ ತಪ್ತದೆ."

ಆಗ ಪಿರಿಯಾಪಟ್ಟಣದ ಕಡೆಯ ತಂಡದ ನೆನಪಾಯಿತು. ಅವರು ಪ್ರತಿ ವರ್ಷ ನಮಗಿಂತ ಹಿಂದೆ ಬರುತ್ತಾರೆ. ಶಿವರಾತ್ರಿಯ ನೂಕುನುಗ್ಗಲು ಬೇಡವೆಂದು ಮರುದಿನ ಅಮಾವಾಸ್ಯೆಗೆ ಬೆಟ್ಟ ಸೇರುತ್ತಾರೆ. ಅವರ ಯಜಮಾನರ ನಂಬರು ನನ್ನ ಫೋನಿನಲ್ಲಿತ್ತು. ಒಮ್ಮೆ ನೀರಿನ ಡ್ರಮ್ಮು ಎರವಲು ಕೇಳುವಾಗ ತೆಗೆದುಕೊಂಡದ್ದು. ಅವರಿಗೆ ಫೋನು ಹಚ್ಚಿದೆ. ಇನ್ನೂ ಹುಣಸೂರು ದಾಟುತ್ತಿದ್ದರು.

"ನಿಮ್ಮನೆಯವರು ಈ ವರ್ಷ ಬಂದವ್ರಾ?" ಎಂದು ಕೇಳಿದರು. ಅವರಿಗೆ ತಿಳಿದಿರಲಿಲ್ಲ.

ಹೇಳಿದೆ. ಆ ಕಡೆ ಹೆಜ್ಜೆಯ ಸದ್ದು ನಿಂತಿತು.

"ತಂಗಿ ಹಂಪಾಪುರದಲ್ಲೇ ಇರ್ಲಿ. ನಮ್ಮ ಹೆಂಗಸ್ರ ಜೊತೆ ಸೇರಿಸ್ಕೊತೀವಿ," ಎಂದರು.

ದೊಡ್ಡವ್ವ ಯಾರದೋ ಮನೆಯ ಜಗುಲಿಯಲ್ಲಿ ಅವಳನ್ನು ಮಲಗಿಸಿ, ಆ ಮನೆಯ ಹೆಂಗಸಿಗೆ ಒಪ್ಪಿಸಿ ಮುಂದೆ ಹೊರಟಳು. ಆ ಎರಡು ದಿನ ನಾದಿನಿ ಗಳಿಗೆಗೊಮ್ಮೆ ಫೋನು ಮಾಡಿದಳು. ಆ ಮನೆಯವರ ಸಾರು ಸಪ್ಪೆ ಎಂದಳು, ಆಮೇಲೆ ಹಾಗೆ ಹೇಳಬಾರದಿತ್ತು ಎಂದಳು. ಅವ್ವನ ಕೈಗೆ ಕೊಡಿ ಎನ್ನುತ್ತಿದ್ದಳು. ಅವ್ವ ಬ್ಯಾರನ್ನಿನ ಕಲ್ಲಿನ ಮೇಲೆ ಕೂತು ಫೋನನ್ನು ಬಾಯಿಯ ಮುಂದೆ ಹಿಡಿದು ಹಂಪಾಪುರಕ್ಕೆ ಫೋನಿಲ್ಲದೆಯೇ ಕೇಳುವಷ್ಟು ಜೋರಾಗಿ ಮಾತಾಡುತ್ತಿತ್ತು. ಅವರಿಬ್ಬರೂ ಏನು ಮಾತಾಡಿಕೊಳ್ಳುತ್ತಾರೆ ಎಂದು ನಾನು ಕಿವಿಗೊಡಲಿಲ್ಲ. ಹೊಲದ ಕಡೆ ಹೋಗಿ ಬರುತ್ತಿದ್ದೆ.

ಪಿರಿಯಾಪಟ್ಟಣದವರು ಬಂದರು, ಅವಳು ಎದ್ದು ಹೊರಟಳು. ಕಾಲಿಗೆ ಬಟ್ಟೆ ಸುತ್ತಿದರೆ ಅದು ಚಪ್ಪಲಿಯ ಲೆಕ್ಕಕ್ಕೆ ಬರುವುದಿಲ್ಲವಂತೆ, ಅಲ್ಲಿಯ ಹೆಂಗಸರು ಹೇಳಿದರಂತೆ. ನಂಜನಗೂಡಿನಿಂದ ಫೋನು ಬಂತು, ಕೊಳ್ಳೇಗಾಲದಿಂದ ಬಂತು. ಹನೂರು ದಾಟಿ ಕಾಡಿನ ದಾರಿ ಹಿಡಿದ ಮೇಲೆ ನಿಂತುಹೋಯಿತು. ಅಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಗೊತ್ತಿದ್ದೂ ನಾನು ಹಚ್ಚಿ ಹಚ್ಚಿ ನೋಡಿದೆ. 'ಮನೆ' ವ್ಯಾಪ್ತಿ ಪ್ರದೇಶದ ಹೊರಗಿದೆ ಎಂದು ಹೆಣ್ಣುದನಿಯೊಂದು ಸಾವಧಾನವಾಗಿ ಹೇಳುತ್ತಿತ್ತು. ಮುಗಿಯುವ ತನಕ ಕೇಳಿ ಇಡುತ್ತಿದ್ದೆ.

ಶಿವರಾತ್ರಿ ಕಳೆಯಿತು. ನಮ್ಮ ತಂಡದವರು ಬೆಟ್ಟ ಸೇರಿದ ಸುದ್ದಿ ಬಂತು. ಅವ್ವ ಉಪವಾಸವನ್ನು ಅಮಾವಾಸ್ಯೆಗೂ ಮುಂದುವರಿಸಿತು. 

ಅಮಾವಾಸ್ಯೆಯ ಮಧ್ಯಾಹ್ನ ಫೋನು ಬಂತು. ಮೊದಲು ಉಘೇ ಉಘೇ ಎಂಬ ಕೂಗು, ಆಮೇಲೆ ಅವಳು.

"ಬಂದೆ ಬಾವ! ಎಲ್ಲೂ ಗಾಡಿ ಮುಟ್ಲಿಲ್ಲ. ಸಾಲಲ್ಲಿ ನಿಂತಿವ್ನಿ."

ಮುಗಿಯಿತು ಎಂದುಕೊಂಡೆ. ನನ್ನ ಹೆಂಡತಿ ಶುರುಮಾಡಿದ್ದರಲ್ಲಿ ಇನ್ನು ಯಾವುದೂ ಬಾಕಿ ಉಳಿದಿಲ್ಲ. ಹಗುರಾಗಬೇಕಿತ್ತು. ಆಗಲಿಲ್ಲ. ಅವ್ವನಿಗೆ ಕೂಗಿ ಹೇಳಿದೆ, ಅವ್ವ ಅಲ್ಲೇ ಅಂಗಳದಲ್ಲಿ ಕೈಮುಗಿದು ಕೂತಿತು.

"ಬಾವ, ನಿಮ್ಮ ಹೆಸರಲ್ಲಿ ಏನ್ ಕೇಳ್ಕೊಳ್ಳಲಿ? ಬೇಗ ಹೇಳಿ."

ಯೋಚಿಸಿದೆ. ಕೇಳಬೇಕಾದ್ದು ಒಂದೂ ಹೊಳೆಯಲಿಲ್ಲ.

"ಏನೂ ಬ್ಯಾಡ."

"ಏನೂ ಬ್ಯಾಡ ಅನ್ನಕ್ಕಾ ಇಷ್ಟ್ ದೂರ ನಡ್ಸಿದ್ದು? ಕಾಲ್ ನೋಡಿದೀರಾ ನಂದು?"

"ನೀನೇ ಏನಾರ ಕೇಳ್ಕೊ ಕಣಮ್ಮಿ."

"ನಾನಾ? ಅತ್ತೆ ಹೇಳ್ತು, ನೀವು ದಿನಾ ಅರ್ಧ ಮುದ್ದೆ ತಟ್ಟೇಲೇ ಬುಟ್ಟು ಏಳ್ತೀರಂತೆ. ಬಾವಂಗೆ ಹೊಟ್ಟೆ ಹಸೀಲಿ ಅಂತ ಕೇಳ್ಕೊತೀನಿ."

 ಅವಳ ಹಿಂದಿನಿಂದ ಯಾರೋ, ಫೋನ್ ಮಡಗಮ್ಮ, ಮುಂದಕ್ಕೆ ನಡಿ ಎಂದು ಗದರಿದರು. ಮತ್ತೆ ಉಘೇ ಎಂಬ ಕೂಗು ಎದ್ದಿತು. ಅವಳು ಫೋನು ಕತ್ತರಿಸಲು ಮರೆತಿದ್ದಳು. ಗಂಟೆ, ನೂಕಾಟ, ಬಳೆಯ ಸದ್ದು ಬರುತ್ತಿತ್ತು. ನಾನು ಕಿವಿಗೆ ಹಿಡಿದುಕೊಂಡೇ ಇದ್ದೆ.