ಗಿರಣಿ ಮನೆಯ ಸದ್ದಿಲ್ಲದ ಮಾತು

ಎದುರು ಬಾಲ್ಕನಿಯಲ್ಲಿ ಯಾರೋ ಗಂಜಿ ಹಾಕಿದ ಸೀರೆ ಒಣಹಾಕಿದ್ದಾರೆ. ಆ ಹುಳಿವಾಸನೆ ನಮ್ಮ ಅಡುಗೆಮನೆಗೆ ಬಂದಾಗಲೆಲ್ಲ ಅತ್ತೆ ಮೂಗರಳಿಸಿ, "ಗಿರಣಿ ವಾಸನಿ," ಎನ್ನುತ್ತಾರೆ. ತಪ್ಪೇನಿಲ್ಲ. ಸಂಭಾಜಿನಗರದ ನಮ್ಮ ಈ ಫ್ಲ್ಯಾಟುಗಳು ಮೊದಲು ನೂಲಿಗೆ ಗಂಜಿ ಹಾಕುತ್ತಿದ್ದ ಬಟ್ಟೆ ಗಿರಣಿಯೇ. ಅತ್ತೆ ಬೀದರ್‌ನಿಂದ ಮದುವೆಯಾಗಿ ಬಂದು ಇಲ್ಲೇ ನೂಲು ಸುತ್ತುವ ಖಾತೆಯಲ್ಲಿ ದುಡಿದವರು. ಆ ಜಾಗದಲ್ಲಿ ಈಗ ನಮ್ಮ ಸೋಫಾ ಇದೆ.

ಗಿರಣಿ ಮುಚ್ಚಿದ ಮೇಲೆ ಅವರು ನಾಸಿಕದಲ್ಲಿ ನಮ್ಮ ಜೊತೆಗಿದ್ದರು. ಅಲ್ಲಿನ ಸಾತಪುರದ ಕಾರ್ಖಾನೆಯಿಂದ ಯಜಮಾನರಿಗೆ ಇಲ್ಲಿಗೆ ವರ್ಗವಾದಾಗ ಬೇಕೆಂದೇ ಈ ಮನೆ ಹಿಡಿದೆವು. ಮುದುಕಿ ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ತಿಂಗಳಾಗುವಷ್ಟರಲ್ಲಿ ಗಂಟುಮೂಟೆ ಕಟ್ಟಿ ಕೂತರು. ಯಂತ್ರಗಳ ಸದ್ದು ಅವರ ಕಿವಿಯನ್ನು ಎಂದೋ ತಿಂದುಹಾಕಿತ್ತು. ನಾನೋ ಕಲಬುರಗಿಯವಳು, ಗಂಟಲಿಗೇನು ಬರ! ಅವರ ಕಿವಿಗೆ ಬಾಯಿ ಹಚ್ಚಿ, "ಚಹಾ ಬೇಕೇನ್ರೀ?" ಎಂದು ಕೂಗಿದರೆ ಮೇಲಿನ ಮಹಡಿಯವರು ಬೇಡ ಎನ್ನಬೇಕು.

"ನನಗ ಬೀದರಕ್ಕ ತಮ್ಮನ ಮನಿಗಿ ಕಳಸು," ಎಂದರು ಅತ್ತೆ. "ಇಲ್ಲಿ ಮೊದಲಿನಂಗ ಯಾರೂ ಮಾತಾಡಲ್ಲ. ಎಲ್ಲಾರೂ ಒದರತಾರ."

ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಮದುವೆಯಾಗಿ ಬಂದಾಗಿನಿಂದ ನನಗಿದ್ದ ಗೆಳತಿ ಅವರೊಬ್ಬರೇ. ಹೋಗಬೇಡಿ ಎನ್ನಬೇಕು. ಆದರೆ ನೀವೇ ಹೇಳಿ, ಅಂಥ ಮಾತನ್ನು ಕೂಗಿ ಹೇಳಲು ಬರುತ್ತದೆಯೇ?

ಹೊರಡುವ ಹಿಂದಿನ ದಿನ, ಗಿರಣಿಯಲ್ಲಿ ಅತ್ತೆಯ ಜೊತೆಗಾತಿಯಾಗಿದ್ದ ಸಖೂಬಾಯಿ ನೋಡಲು ಬಂದರು. ಬಾಗಿಲಲ್ಲೇ ನಿಂತು ತುಟಿ ಆಡಿಸಿದರು, ಬೆರಳು ತಿರುಗಿಸಿದರು; ದನಿಯೇ ಇಲ್ಲ. ಸೋಫಾದಲ್ಲಿದ್ದ ಅತ್ತೆ ಬಿದ್ದು ಬಿದ್ದು ನಕ್ಕರು. ಯಂತ್ರಗಳ ಗದ್ದಲದಲ್ಲಿ ಗಿರಣಿಯ ಹೆಂಗಸರೆಲ್ಲ ಹೀಗೇ ಹರಟೆ ಹೊಡೆಯುತ್ತಿದ್ದರಂತೆ. ನಾನು ರೂಢಿಯಂತೆ ಅತ್ತೆಯ ಕಿವಿಗೆ ಬಾಗಿದೆ. ಸಖೂಬಾಯಿ ನನ್ನ ಗದ್ದ ಹಿಡಿದು ಅತ್ತೆಯ ಮುಖದೆದುರಿಗೆ ತಂದು, "ಕಾನಾತ ನಕೋ, ತೋಂಡ ದಾಖವ," ಎಂದರು. ಕಿವಿ ಬಿಡು, ಮುಖ ತೋರಿಸು ಎಂದು.

ಅವರು ಹೋದ ಮೇಲೆ ಅತ್ತೆಯ ಎದುರು ಕೂತೆ. ದನಿ ಹೊರಡಿಸದೆ ಹೇಳಿದೆ: "ಹೋಗಬ್ಯಾಡ್ರಿ. ನೀವಿಲ್ಲಂದ್ರ ನನಗ ಈ ಮನಿ ಬ್ಯಾಡಾಗ್ತದ."

ಅತ್ತೆ ನನ್ನ ತುಟಿಯನ್ನೇ ನೋಡಿದರು. ಕಣ್ಣು ತುಂಬಿತು. ಆಮೇಲೆ ಇಡೀ ಕಟ್ಟಡಕ್ಕೆ ಕೇಳುವಂತೆ, "ಇಷ್ಟ ದಿನ ಯಾಕ ಹೇಳಲಿಲ್ಲ?" ಎಂದು ಗದರಿ, ಗಂಟು ಬಿಚ್ಚತೊಡಗಿದರು.

ಈಗ ನಮ್ಮ ಮನೆಯಲ್ಲಿ ಸದ್ದೇ ಇಲ್ಲ. ಬಂದವರು ಅತ್ತೆ ಸೊಸೆಗೆ ಮಾತು ನಿಂತಿದೆ ಎಂದುಕೊಂಡು ಬೇಗ ಏಳುತ್ತಾರೆ. ಅವರ ಬೆನ್ನ ಹಿಂದೆ ಅತ್ತೆ ಆಡುವ ಮಾತುಗಳನ್ನು ಮಾತ್ರ ನಾನಿಲ್ಲಿ ಬರೆಯಲಾರೆ.